ಹೇಳಿಕೆ ಕೊಡದವರು
(ಈಚೆಗೆ ಓದಿದ ಕೆಲವು ರಹಸ್ಯ ಹಾಗೂ ಭಯಾನಕ ಕೃತಿಗಳನ್ನು ಕುರಿತು)

೧

ಪತ್ತೇದಾರಿ ಕಾದಂಬರಿ, ದೆವ್ವದ ಕಥೆ ಎಂಬ ಮಾತುಗಳು ಕಿವಿಗೆ ಬಿದ್ದೊಡನೆ ನಮ್ಮ ವಿದ್ವಜ್ಜನರ ಮುಖದಲ್ಲಿ ಒಂದು ಕಿರುನಗೆ ಮೂಡುವುದುಂಟು. ರೈಲುಪ್ರಯಾಣದಲ್ಲಿ ಹೊತ್ತು ಕಳೆಯಲೆಂದು ಓದಿ, ಇಳಿಯುವ ನಿಲ್ದಾಣ ಬಂದಾಗ ಪೀಠದ ಮೇಲೆಯೇ ಬಿಟ್ಟುಹೋಗಬಹುದಾದ ಪುಸ್ತಕಗಳಿವು ಎಂಬ ಭಾವನೆ ಆ ನಗೆಯ ಹಿಂದೆ ಇರುತ್ತದೆ. ಕನ್ನಡದಲ್ಲಿ ಎನ್. ನರಸಿಂಹಯ್ಯನವರು ಐನೂರಕ್ಕೂ ಮಿಕ್ಕಿ ಕಾದಂಬರಿಗಳನ್ನು ಬರೆದರು. ಪತ್ತೇದಾರ ಪುರುಷೋತ್ತಮನ ಹೆಸರು ಹೇಳಿದರೆ ಹಿಂದಿನ ತಲೆಮಾರಿನ ಓದುಗರ ಕಣ್ಣು ಇಂದಿಗೂ ಅರಳುತ್ತದೆ. ಆದರೂ ಅವರು ೨೦೧೧ರಲ್ಲಿ ತೀರಿಕೊಂಡಾಗ, ನಮ್ಮ ಸಾಹಿತ್ಯ ಚರಿತ್ರೆಯ ಗ್ರಂಥಗಳಲ್ಲಿ ಅವರಿಗೆ ಸಲ್ಲಬೇಕಾದಷ್ಟು ಪುಟಗಳು ಇನ್ನೂ ಸಂದಿರಲಿಲ್ಲ. ಬಹುಮಂದಿಗೆ ಓದಿನ ರುಚಿ ಹತ್ತಿಸಿದ ಲೇಖಕನು ವಿಮರ್ಶೆಯ ಹೊಸ್ತಿಲಾಚೆಯೇ ನಿಂತಿರಬೇಕಾಯಿತು.

ಪ್ರಕೃತ ಲೇಖನದ ಉದ್ದೇಶ ಈ ಅನ್ಯಾಯವನ್ನು ಕುರಿತು ದೂರುವುದಲ್ಲ. ಕಳೆದ ಕೆಲವು ತಿಂಗಳಲ್ಲಿ ನಾನು ರಹಸ್ಯ ಮತ್ತು ಭಯಾನಕ ವರ್ಗಕ್ಕೆ ಸೇರಿದ ಆರೇಳು ಕೃತಿಗಳನ್ನು ಓದಿದೆನು. ಕೆಲವನ್ನು ಮೊದಲ ಬಾರಿ, ಕೆಲವನ್ನು ಬಹುಕಾಲದ ಮೇಲೆ ಮತ್ತೆ. ಅವುಗಳ ಕಾಲ, ದೇಶ, ಭಾಷೆಗಳು ಬೇರೆಬೇರೆ. ಓದುತ್ತ ಹೋದಂತೆ ಇವೆಲ್ಲವನ್ನೂ ಒಂದೇ ಒರೆಗಲ್ಲಿಗೆ ತಿಕ್ಕಿ ನೋಡಬಹುದೆಂದು ತೋರಿತು. ಆ ಒರೆಗಲ್ಲನ್ನು ವಾಚಕರ ಮುಂದಿಡುವುದಷ್ಟೇ ನನ್ನ ಕೆಲಸ. ಇವು ಒಬ್ಬ ಓದುಗನ ಸ್ವಂತ ಅಭಿಪ್ರಾಯಗಳು. ಶಾಸ್ತ್ರಸಿದ್ಧಾಂತವೆಂದು ಯಾರೂ ಭಾವಿಸಬೇಕಾಗಿಲ್ಲ.

ರಹಸ್ಯ ಕಥೆಯಾಗಲಿ ಭಯದ ಕಥೆಯಾಗಲಿ ಮೂಲತಃ ಹೇಳಿಕೆಗಳಿಂದ ಕಟ್ಟಿದ ಕಥೆ. ಇನ್ನುಳಿದ ಕಾದಂಬರಿಗಳಲ್ಲಿ ಲೇಖಕನು ಹೇಳಿದ್ದನ್ನು ನಾವು ನಂಬಿ ಮುಂದೆ ಸಾಗುತ್ತೇವೆ. ಇಲ್ಲಿ ಹಾಗಲ್ಲ. ಆ ರಾತ್ರಿ ಯಾರು ಎಲ್ಲಿದ್ದರು, ಯಾರು ಏನನ್ನು ಕಂಡರು, ಕಂಡದ್ದು ನಿಜವೋ ಭ್ರಾಂತಿಯೋ ಎಂದು ಪ್ರತಿಯೊಂದು ಮಾತನ್ನೂ ತೂಗಿ ನೋಡಬೇಕಾಗುತ್ತದೆ. ಆದ್ದರಿಂದ ಇಂಥ ಕೃತಿಯ ಯೋಗ್ಯತೆಯನ್ನು ಅಳೆಯುವಾಗ, ಅಪರಾಧಿ ಯಾರು ಎಂಬ ಒಗಟನ್ನು ಲೇಖಕ ಎಷ್ಟು ಜಾಣತನದಿಂದ ಬಚ್ಚಿಟ್ಟಿದ್ದಾನೆ ಎಂದು ಮಾತ್ರ ನೋಡಿದರೆ ಸಾಲದು. ಆ ಒಗಟು ಒಮ್ಮೆ ಒಡೆದರೆ ಮುಗಿಯಿತು. ಎರಡನೆಯ ಓದಿಗೆ ಸಿಪ್ಪೆ ಮಾತ್ರ ಉಳಿಯುತ್ತದೆ. ಕೇಳಬೇಕಾದ ಪ್ರಶ್ನೆ ಬೇರೆಯದು: ಈ ಪುಸ್ತಕದಲ್ಲಿ ಯಾರ ಹೇಳಿಕೆ ದಾಖಲಾಗಿಲ್ಲ? ಹಾಗೆ ದಾಖಲಾಗಿಲ್ಲವೆಂಬುದು ಲೇಖಕನಿಗೆ ತಿಳಿದಿದೆಯೇ?

೨

ಈ ಪ್ರಶ್ನೆಗೆ ನನ್ನನ್ನು ಮೊದಲು ಎಳೆದು ತಂದದ್ದು ವಿಲ್ಕಿ ಕಾಲಿನ್ಸನ ‘ದಿ ಮೂನ್‌ಸ್ಟೋನ್’. ಚಾರ್ಲ್ಸ್ ಡಿಕನ್ಸ್ ನಡೆಸುತ್ತಿದ್ದ ವಾರಪತ್ರಿಕೆಯಲ್ಲಿ ಅದು ೧೮೬೮ರಲ್ಲಿ ಧಾರಾವಾಹಿಯಾಗಿ ಪ್ರಕಟವಾಯಿತು. ಆಂಗ್ಲ ಭಾಷೆಯ ಪತ್ತೇದಾರಿ ಕಾದಂಬರಿಗಳ ಪರಂಪರೆಯಲ್ಲಿ ಅದಕ್ಕೆ ಆದ್ಯಸ್ಥಾನವನ್ನು ಕೊಡುವವರು ಹಲವರು. ಆದರೆ ಆ ಪರಂಪರೆ ಇಂಗ್ಲೆಂಡಿನ ಯಾವುದೋ ಹಳ್ಳಿಮನೆಯಲ್ಲಿ ಆರಂಭವಾಗದೆ ನಮ್ಮ ಶ್ರೀರಂಗಪಟ್ಟಣದ ಕೋಟೆಯೊಳಗೆ ಆರಂಭವಾಗುತ್ತದೆ ಎಂಬುದನ್ನು ಕನ್ನಡಿಗರಾದ ನಾವು ಸಾಕಷ್ಟು ಗಮನಿಸಿದಂತೆ ಕಾಣುವುದಿಲ್ಲ.

ಕಾದಂಬರಿಯ ಪೀಠಿಕೆ ೧೭೯೯ರ ಮೇ ತಿಂಗಳಿನದು. ಕೋಟೆ ಬಿದ್ದಿದೆ, ಟಿಪ್ಪು ಮಡಿದಿದ್ದಾನೆ, ಸೈನಿಕರು ಸೂರೆಗೆ ತೊಡಗಿದ್ದಾರೆ. ಸುಲ್ತಾನನ ಆಯುಧಾಗಾರದ ಬಾಗಿಲಲ್ಲಿ ಇಬ್ಬರು ಭಾರತೀಯರು ಸತ್ತು ಬಿದ್ದಿದ್ದಾರೆ. ಒಳಗೆ ಮೂರನೆಯವನು ಪ್ರಾಣ ಬಿಡುತ್ತಿದ್ದಾನೆ. ಒಂದು ಕೈಯಲ್ಲಿ ಪಂಜು, ಇನ್ನೊಂದರಲ್ಲಿ ನೆತ್ತರು ತೊಟ್ಟಿಕ್ಕುವ ಕಠಾರಿ ಹಿಡಿದು ಹರ್ನ್‌ಕಾಸಲ್ ಎಂಬ ಆಂಗ್ಲ ಅಧಿಕಾರಿ ನಿಂತಿದ್ದಾನೆ. ಆ ಕಠಾರಿಯ ಹಿಡಿಯಲ್ಲಿ ಸೋಮನಾಥದ ಚಂದ್ರದೇವತೆಯ ಹಣೆಯಲ್ಲಿದ್ದ ಹಳದಿ ವಜ್ರ. ಈ ದೃಶ್ಯವನ್ನು ಬರೆದಿಟ್ಟವನು ಹರ್ನ್‌ಕಾಸಲನ ದಾಯಾದಿ. ಕೊಲೆಯನ್ನು ಅವನು ಕಣ್ಣಾರೆ ಕಂಡಿಲ್ಲ. ಮನಸ್ಸಿಗೆ ಖಚಿತವಾಗಿದ್ದರೂ ನ್ಯಾಯಾಲಯಕ್ಕೆ ಸಲ್ಲುವ ಸಾಕ್ಷ್ಯ ತನ್ನಲ್ಲಿಲ್ಲವೆಂದು ಹೇಳಿಕೊಂಡು ಸುಮ್ಮನಾಗುತ್ತಾನೆ. ಸೂರೆಮಾಡಿದವರನ್ನು ನೇಣಿಗೇರಿಸುವುದಾಗಿ ಸೇನಾಪತಿ ಸಾರಿಸುತ್ತಾನೆ. ಹರ್ನ್‌ಕಾಸಲನಿಗೆ ಮಾತ್ರ ಏನೂ ಆಗುವುದಿಲ್ಲ.

ಮುಂದಿನ ಕಥೆ ೧೮೪೮ರದು. ಹರ್ನ್‌ಕಾಸಲನ ಮರಣಶಾಸನದಂತೆ ಆ ವಜ್ರ ಅವನ ಸೋದರಿಯ ಮಗಳಾದ ರೇಚಲಳಿಗೆ ಹುಟ್ಟುಹಬ್ಬದ ಕಾಣಿಕೆಯಾಗಿ ಸೇರುತ್ತದೆ. ಅದೇ ರಾತ್ರಿ ಅವಳ ಕೋಣೆಯಿಂದ ಮಾಯವಾಗುತ್ತದೆ. ಪೊಲೀಸರು ಬರುತ್ತಾರೆ, ಗುಲಾಬಿ ಗಿಡಗಳ ಹುಚ್ಚಿರುವ ಕಫ್ ಎಂಬ ಪ್ರಸಿದ್ಧ ಪತ್ತೇದಾರನೂ ಬರುತ್ತಾನೆ. ಯಾರು ತಮ್ಮ ಕಣ್ಣಿನಿಂದ ಏನನ್ನು ಕಂಡರೋ ಅಷ್ಟನ್ನೇ ಬರೆಯಬೇಕು, ಹೆಚ್ಚಿಲ್ಲ ಕಡಮೆಯಿಲ್ಲ ಎಂಬ ಕಟ್ಟಳೆಯ ಮೇಲೆ ಮನೆಯ ಮುಖ್ಯ ಸೇವಕನಿಂದ ಹಿಡಿದು ವಕೀಲನವರೆಗೆ ಹಲವರು ತಮ್ಮ ಹೇಳಿಕೆಗಳನ್ನು ಬರೆದುಕೊಡುತ್ತಾರೆ. ‘ರಾಬಿನ್ಸನ್ ಕ್ರೂಸೊ’ವನ್ನು ಧರ್ಮಗ್ರಂಥದಂತೆ ತೆರೆದು ಶಕುನ ನೋಡುವ ಮುದುಕ ಬೆಟರೆಜ್, ಕಂಡಕಂಡಲ್ಲಿ ಧರ್ಮಬೋಧೆಯ ಕಿರುಹೊತ್ತಗೆಗಳನ್ನು ಇಟ್ಟು ಬರುವ ಮಿಸ್ ಕ್ಲಾಕ್ ಇವರ ಬರೆಹಗಳು ನಗೆಯ ಬುಗ್ಗೆಗಳು. ಕದ್ದವರು ಯಾರೆಂಬುದನ್ನು ನಾನು ಹೇಳುವುದಿಲ್ಲ. ಓದದಿರುವವರ ಸುಖವನ್ನು ಕಸಿಯುವ ಹಕ್ಕು ವಿಮರ್ಶಕನಿಗಿಲ್ಲ.

ಆದರೆ ಒಂದನ್ನು ಹೇಳಲೇಬೇಕು. ಕಾದಂಬರಿಯ ಸಕಲ ಬುದ್ಧಿಶಕ್ತಿಯೂ ವ್ಯಯವಾಗುವುದು ಎರಡನೆಯ ಕಳವಿನ ಶೋಧಕ್ಕೆ. ಮೊದಲನೆಯ ಕಳವಿಗೆ, ಅಂದರೆ ಶ್ರೀರಂಗಪಟ್ಟಣದ ಮೂರು ಹೆಣಗಳಿಗೆ, ಯಾವ ಪೊಲೀಸನೂ ಇಲ್ಲ. ಮನೆಯಲ್ಲಿ ವಜ್ರ ಕಾಣೆಯಾದಾಗ ಮೊದಲು ಸೆರೆಯಾಗುವವರು ಆ ಊರಿಗೆ ಮೋಡಿಗಾರರ ವೇಷದಲ್ಲಿ ಬಂದಿದ್ದ ಮೂವರು ಭಾರತೀಯರು. ಆ ರಾತ್ರಿಯ ಕಳವಿನಲ್ಲಿ ಅವರ ಕೈಯಿಲ್ಲವೆಂದು ಕೂಡಲೇ ಗೊತ್ತಾದರೂ, ಗೊತ್ತುಗುರಿಯಿಲ್ಲದ ಪರಸ್ಥಳದವರೆಂಬ ನೆವದ ಮೇಲೆ ಒಂದು ವಾರ ಅವರನ್ನು ಕೂಡಿಹಾಕುತ್ತಾರೆ. ಎಲ್ಲರಿಂದಲೂ ಹೇಳಿಕೆ ಬರೆಸಿಕೊಂಡ ಈ ಕಾದಂಬರಿಯಲ್ಲಿ ಆ ಮೂವರ ಹೇಳಿಕೆಯಿಲ್ಲ. ಅವರಲ್ಲೊಬ್ಬನು ಒಮ್ಮೆ ವಕೀಲ ಬ್ರಫನ ಕಚೇರಿಗೆ ಹೋಗಿ ಸಾಲದ ಗಡುವಿನ ವಿಷಯವಾಗಿ ಬಹು ಮರ್ಯಾದೆಯಿಂದ ಒಂದು ಪ್ರಶ್ನೆ ಕೇಳುತ್ತಾನೆ. ಅದೂ ನಮಗೆ ತಿಳಿಯುವುದು ವಕೀಲನ ಬರೆಹದಿಂದ.

ಕಾಲಿನ್ಸನು ಇದನ್ನು ಅರಿಯದೆ ಮಾಡಿದನೇ? ಇಲ್ಲವೆಂದೇ ನನ್ನ ಅಭಿಪ್ರಾಯ. ಅದಕ್ಕೆ ಎರಡು ಆಧಾರಗಳಿವೆ. ಆ ಮನೆಯ ಕೆಲಸದವಳಾದ ರೊಸಾನಾ ಸ್ಪಿಯರ್‌ಮನ್ ಒಂದು ಕಾಲದಲ್ಲಿ ಕಳ್ಳಿಯಾಗಿದ್ದವಳು, ಹೆಗಲು ಸೊಟ್ಟಗಿರುವವಳು, ಯಾರ ಕಣ್ಣಿಗೂ ಬೀಳದವಳು. ಅವಳು ಉಸುಬಿನಲ್ಲಿ ಮುಳುಗಿ ಸತ್ತ ಬಹುಕಾಲದ ಮೇಲೆ ಅವಳ ಕಾಗದವೊಂದು ಆ ಮರಳಿನಡಿಯಿಂದಲೇ ಹೊರಬರುತ್ತದೆ. ಬದುಕಿದ್ದಾಗ ಯಾರೂ ಕೇಳದಿದ್ದ ಮಾತು ಅದರಲ್ಲಿದೆ. ಕಥೆ ತಿರುಗುವುದು ಅಲ್ಲಿಂದಲೇ. ವೈದ್ಯನ ಸಹಾಯಕನಾದ ಎಜ್ರಾ ಜೆನಿಂಗ್ಸ್ ಯಾವುದೋ ವಸಾಹತಿನಲ್ಲಿ ಮಿಶ್ರ ರಕ್ತದಲ್ಲಿ ಹುಟ್ಟಿ ಎಲ್ಲರ ಸಂಶಯಕ್ಕೆ ಗುರಿಯಾದವನು. ಒಗಟನ್ನು ಬಿಡಿಸಲು ದಾರಿ ತೋರುವವನು ಅವನೇ. ಸಂಭಾವಿತರು ಯಾರನ್ನು ದೂರವಿಟ್ಟರೋ ಅವರ ಬಾಯಿಂದಲೇ ಸತ್ಯ ಹೊರಬರುವಂತೆ ಕಥೆ ಕಟ್ಟಿದವನಿಗೆ, ಆ ಮೂವರ ಮೌನ ಕಾಣದೆ ಹೋಗಿರಲಾರದು. ಎರಡನೆಯ ಆಧಾರ ಕಾದಂಬರಿಯ ಕೊನೆಯ ಪುಟಗಳು. ಕಾಠಿಯಾವಾಡದಲ್ಲಿ, ಸೋಮನಾಥದ ಬಳಿ, ಬೆಳದಿಂಗಳಲ್ಲಿ, ದೇವತೆಯ ಹಣೆಯಲ್ಲಿ ವಜ್ರ ಮತ್ತೆ ಹೊಳೆಯುತ್ತದೆ. ಅದಕ್ಕಾಗಿ ಕಡಲು ದಾಟಿ, ವೇಷ ಬದಲಿಸಿ, ಕೊಲೆಗೂ ಹೇಸದೆ ಜಾತಿಯನ್ನು ಕಳೆದುಕೊಂಡ ಆ ಮೂವರು ಬ್ರಾಹ್ಮಣರು, ಇನ್ನೆಂದೂ ಪರಸ್ಪರ ಮುಖ ನೋಡಬಾರದೆಂಬ ಪ್ರಾಯಶ್ಚಿತ್ತಕ್ಕೆ ಒಪ್ಪಿ ಮೂರು ದಿಕ್ಕಿಗೆ ಹೊರಟುಹೋಗುತ್ತಾರೆ. ಆಗಲೂ ಅವರು ಮಾತಾಡುವುದಿಲ್ಲ. ಸಿಪಾಯಿ ದಂಗೆ ಮುಗಿದು ಹತ್ತು ವರ್ಷವಷ್ಟೇ ಆಗಿದ್ದ ಕಾಲದಲ್ಲಿ, ಸೊತ್ತು ಅದರ ಒಡೆಯರಿಗೇ ಹಿಂದಿರುಗಿತೆಂದು ಆಂಗ್ಲ ಓದುಗರ ಮುಂದೆ ಬರೆಯುವುದಕ್ಕೆ ಎದೆಗಾರಿಕೆ ಬೇಕಾಗಿತ್ತು.

೩

ಇದಕ್ಕೆ ಪ್ರತಿಯಾಗಿ ಆರ್ಥರ್ ಕೊನನ್ ಡಾಯಲನ ‘ದಿ ಸೈನ್ ಆಫ್ ಫೋರ್’ (೧೮೯೦) ಓದಿದರೆ ಅಂತರ ಅಂಗೈ ನೆಲ್ಲಿಯಂತೆ ಕಾಣುತ್ತದೆ. ಷರ್ಲಾಕ್ ಹೋಮ್ಸನ ಸಾಹಸಗಳ ಮೋಡಿಗೆ ಒಳಗಾಗದವರು ವಿರಳ. ನಾನೂ ಅವರಿಗೆ ಹೊರತಲ್ಲ. ಥೇಮ್ಸ್ ನದಿಯ ಮೇಲೆ ದೋಣಿಗಳು ಒಂದನ್ನೊಂದು ಅಟ್ಟಿಕೊಂಡು ಹೋಗುವ ವರ್ಣನೆಯ ವೇಗಕ್ಕೆ ಸಾಟಿಯಿಲ್ಲ. ಆದರೆ ಇಲ್ಲಿಯೂ ಕಥೆಯ ಬೇರು ಇರುವುದು ಭಾರತದ ಒಂದು ಕೋಟೆಯಲ್ಲಿ. ೧೮೫೭ರ ಗಲಭೆಯ ಕಾಲದಲ್ಲಿ ಒಬ್ಬ ರಾಜನ ಒಡವೆಗಳ ಪೆಟ್ಟಿಗೆಯನ್ನು ಆಗ್ರಾ ಕೋಟೆಗೆ ಹೊತ್ತು ತಂದ ವರ್ತಕನನ್ನು ನಾಲ್ವರು ಸೇರಿ ಕೊಲ್ಲುತ್ತಾರೆ. ಆ ಪೆಟ್ಟಿಗೆಯನ್ನು ಒಬ್ಬ ಆಂಗ್ಲ ಅಧಿಕಾರಿ ಅಪಹರಿಸುತ್ತಾನೆ. ಮುಂದಿನ ಎಲ್ಲ ಹಗೆತನಕ್ಕೂ ಅದೇ ಮೂಲ.

ನಾಲ್ವರಲ್ಲಿ ಒಬ್ಬನಾದ ಜೊನಾಥನ್ ಸ್ಮಾಲ್ ಕೊನೆಯಲ್ಲಿ ತನ್ನ ಹೇಳಿಕೆಯನ್ನು ಸವಿಸ್ತಾರವಾಗಿ ಕೊಡುತ್ತಾನೆ, ಅವನು ಆಂಗ್ಲ. ಉಳಿದ ಮೂವರು ಅಂಡಮಾನಿನ ಸೆರೆಯಲ್ಲಿ ಕೊಳೆಯುತ್ತಿದ್ದಾರೆ. ಅವರ ಮಾತೇ ಇಲ್ಲ. ಅವರಿಗೆ ಲೇಖಕನು ಇಟ್ಟ ಹೆಸರುಗಳನ್ನಾದರೂ ನೋಡಿ: ಸಿಖ್ಖರೆಂದು ಕರೆದು ಮಹಮತ್ ಸಿಂಗ್, ಅಬ್ದುಲ್ಲಾ ಖಾನ್, ದೋಸ್ತ್ ಅಕ್ಬರ್ ಎಂಬ ಹೆಸರುಗಳು! ಸಿಗರೇಟಿನ ಬೂದಿಯನ್ನು ನೋಡಿ ಹೊಗೆಸೊಪ್ಪಿನ ಜಾತಿಯನ್ನು ಹೇಳಬಲ್ಲ ಪತ್ತೇದಾರನ ಸೃಷ್ಟಿಕರ್ತನಿಗೆ, ಮನುಷ್ಯರ ಹೆಸರಿನ ವಿಷಯದಲ್ಲಿ ಆ ಸೂಕ್ಷ್ಮ ಬೇಕೆನಿಸಲಿಲ್ಲ.

ಇನ್ನು ಸ್ಮಾಲನ ಜತೆಗಾರನಾದ ಟೊಂಗಾ ಎಂಬ ಅಂಡಮಾನಿನವನು. ಕಾದಂಬರಿಯ ಭಯಾನಕವೆಲ್ಲ ಅವನ ಮೈಯಲ್ಲಿದೆ: ಪುಟ್ಟ ಹೆಜ್ಜೆಗುರುತು, ವಿಷದ ಮುಳ್ಳು, ವಿಕಾರ ರೂಪ. ಅವನು ಒಂದು ಮಾತನ್ನೂ ಆಡದೆ ಗುಂಡೇಟು ತಿಂದು ಥೇಮ್ಸಿನ ತಳ ಸೇರುತ್ತಾನೆ. ಅವನ ಜನರ ವಿಷಯ ಹೋಮ್ಸನಿಗೆ ತಿಳಿಯುವುದಾದರೂ ಹೇಗೆ? ಕಪಾಟಿನಿಂದ ಒಂದು ಭೂವಿವರಣ ಕೋಶವನ್ನು ತೆಗೆದು ಓದುತ್ತಾನೆ. ಅವರು ಕ್ರೂರರು, ಕುರೂಪಿಗಳು, ನರಭಕ್ಷಕರು ಎಂದು ಅದರಲ್ಲಿ ಅಚ್ಚಾಗಿದೆ. ಕಣ್ಣಾರೆ ಕಾಣದ್ದನ್ನು ನಂಬಬಾರದೆಂದು ಬೋಧಿಸುವ ಈ ಮಹಾಶಯ, ಅಚ್ಚಾದದ್ದನ್ನು ಅದು ಅಚ್ಚಾಗಿದೆ ಎಂಬ ಕಾರಣಕ್ಕೆ ನಂಬಿಬಿಡುತ್ತಾನೆ. ಕೊನೆಗೆ ಒಡವೆಗಳೂ ನದಿಯ ಪಾಲಾಗುತ್ತವೆ. ಅವು ಯಾರ ಸೊತ್ತು ಎಂಬ ಪ್ರಶ್ನೆಯನ್ನು ಯಾರೂ ಎತ್ತುವುದಿಲ್ಲ, ಲೇಖಕನಂತೂ ಇಲ್ಲವೇ ಇಲ್ಲ. ಎರಡು ಕೃತಿಗಳಲ್ಲಿಯೂ ಭಾರತೀಯರು ಮೂಕರು. ಕಾಲಿನ್ಸನಿಗೆ ಆ ಮೌನ ಕೇಳಿಸಿತು, ಡಾಯಲನಿಗೆ ಕೇಳಿಸಲಿಲ್ಲ. ‘ದಿ ಸೈನ್ ಆಫ್ ಫೋರ್’ ಎರಡನೆಯ ಓದಿನಲ್ಲಿ ಬಡವಾಗುವುದಕ್ಕೂ ‘ದಿ ಮೂನ್‌ಸ್ಟೋನ್’ ಬೆಳೆಯುವುದಕ್ಕೂ ಇದೇ ಕಾರಣವೆಂದು ನನಗೆ ತೋರುತ್ತದೆ.

೪

ಪತ್ತೇದಾರಿ ಕಥೆಯಿಂದ ಭಯದ ಕಥೆಗೆ ಬಂದರೆ ಈ ಪ್ರಶ್ನೆ ಮತ್ತಷ್ಟು ತೊಡಕಾಗುತ್ತದೆ. ಭರತನು ಎಣಿಸಿದ ಎಂಟು ರಸಗಳಲ್ಲಿ ಭಯಾನಕಕ್ಕೂ ಅದ್ಭುತಕ್ಕೂ ಸ್ಥಾನವಿದೆ; ಭಯ ಮತ್ತು ವಿಸ್ಮಯಗಳು ಅವುಗಳ ಸ್ಥಾಯಿಭಾವಗಳು. ನಮ್ಮ ಪ್ರಾಚೀನ ಆಲಂಕಾರಿಕರು ಭಯವನ್ನು ಕೀಳು ರುಚಿಯೆಂದು ತಳ್ಳಿಹಾಕಲಿಲ್ಲ. ಆದರೆ ರಸಕ್ಕೆ ಸಹೃದಯನು ಬೇಕಾದಂತೆ ಭಯಕ್ಕೆ ಸಾಕ್ಷಿಯು ಬೇಕು. ಕಂಡವನೊಬ್ಬನಿರಬೇಕು, ಅವನನ್ನು ನಂಬಬೇಕೋ ಬೇಡವೋ ಎಂಬ ತೂಗುಯ್ಯಾಲೆಯಲ್ಲಿ ನಾವಿರಬೇಕು.

ಬ್ರಾಮ್ ಸ್ಟೋಕರನ ‘ಡ್ರಾಕುಲಾ’ (೧೮೯೭) ಪೂರ್ತಿಯಾಗಿ ದಿನಚರಿ, ಕಾಗದ, ತಂತಿ, ಪತ್ರಿಕಾ ವರದಿಗಳ ಕಂತೆ. ಮೀನಾ ಎಂಬ ತರುಣಿ ಅವನ್ನೆಲ್ಲ ಬೆರಳಚ್ಚು ಮಾಡಿ ಕಾಲಾನುಕ್ರಮದಲ್ಲಿ ಜೋಡಿಸುತ್ತಾಳೆ. ರಕ್ತ ಹೀರುವ ಆ ಪ್ರಭುವಿಗೆ ವಿರುದ್ಧವಾಗಿ ನಡೆಯುವ ಯುದ್ಧದಲ್ಲಿ ಶಿಲುಬೆ, ಬೆಳ್ಳುಳ್ಳಿಗಳಷ್ಟೇ ಈ ಕಂತೆಯೂ ಆಯುಧ. ಆದ್ದರಿಂದಲೇ ಅವನು ಅದನ್ನು ಬೆಂಕಿಗೆ ಹಾಕುತ್ತಾನೆ. ಕಬ್ಬಿಣದ ಪೆಟ್ಟಿಗೆಯಲ್ಲಿದ್ದ ಇನ್ನೊಂದು ಪ್ರತಿ ಉಳಿದುಕೊಳ್ಳುತ್ತದೆ. ತನ್ನ ವಿರುದ್ಧ ಬರೆದ ದಾಖಲೆಯನ್ನು ಸುಡುವ ಆ ಪ್ರಭುವಿಗೆ ತನ್ನದೆಂಬ ಒಂದು ಪುಟವೂ ಇಲ್ಲ. ಅವನ ಮಾತುಗಳು ನಮಗೆ ದೊರೆಯುವುದು ಅವನ ಶತ್ರುಗಳ ದಿನಚರಿಗಳಲ್ಲಿ ಮಾತ್ರ.

ನನ್ನ ಮನಸ್ಸಿನಲ್ಲಿ ನಿಂತವರು ಅವನೂ ಅಲ್ಲ, ಅವನನ್ನು ಅಟ್ಟಿಕೊಂಡು ಹೋದ ವೀರರೂ ಅಲ್ಲ. ಆರಂಭದಲ್ಲಿಯೇ ಬರುವ ಇಬ್ಬರು ಹೆಂಗಸರು. ಒಬ್ಬಳು ಹೋಟೆಲಿನ ಒಡತಿ. ಕೋಟೆಗೆ ಹೋಗಬೇಡವೆಂದು ಆ ತರುಣ ವಕೀಲನ ಮುಂದೆ ಮೊಣಕಾಲೂರಿ ಬೇಡುತ್ತಾಳೆ, ತನ್ನ ಕೊರಳಿನ ಶಿಲುಬೆಯನ್ನೇ ತೆಗೆದು ಕೊಡುತ್ತಾಳೆ. ಸುಶಿಕ್ಷಿತನಾದ ಅವನು ಅದನ್ನು ಹಳ್ಳಿಗರ ಮೂಢನಂಬಿಕೆಯ ಮಾದರಿಯಾಗಿ ದಿನಚರಿಯಲ್ಲಿ ಗುರುತುಹಾಕಿಕೊಳ್ಳುತ್ತಾನೆ. ಮತ್ತೊಬ್ಬಳು ಕೋಟೆಯ ಅಂಗಳದಲ್ಲಿ ಬಂದು ನಿಂತು ತನ್ನ ಮಗುವನ್ನು ಕೊಡೆಂದು ಅರಚುತ್ತಾಳೆ; ತೋಳಗಳು ಅವಳನ್ನು ಮುಗಿಸುತ್ತವೆ. ಸತ್ಯವನ್ನು ಮೊದಲು ತಿಳಿದಿದ್ದವರು ಇವರು. ಇವರ ಮಾತನ್ನು ಕಿವಿಗೆ ಹಾಕಿಕೊಂಡಿದ್ದರೆ ಕಾದಂಬರಿಯೇ ಬೇಕಾಗುತ್ತಿರಲಿಲ್ಲ. ವಿದ್ಯಾವಂತನ ಕಿವುಡುತನವೇ ಈ ಕೃತಿಯ ನಿಜವಾದ ಭೀಕರತೆಯೆಂದು ನಾನು ಭಾವಿಸುತ್ತೇನೆ. ಸ್ಟೋಕರನು ಅಲ್ಲಿಗೆ ಬಂದು, ಅದನ್ನು ಅಲ್ಲಿಯೇ ಬಿಟ್ಟು, ಬೇಟೆಯ ಕಥೆಗೆ ತಿರುಗಿಬಿಟ್ಟನು. ಹಾಗಾಗಿ ಮೊದಲ ನಾಲ್ಕು ಅಧ್ಯಾಯಗಳ ಎತ್ತರವನ್ನು ಉಳಿದ ಭಾಗ ಮತ್ತೆ ಮುಟ್ಟುವುದಿಲ್ಲ.

ಹೆನ್ರಿ ಜೇಮ್ಸನ ‘ದಿ ಟರ್ನ್ ಆಫ್ ದಿ ಸ್ಕ್ರೂ’ (೧೮೯೮) ಇದಕ್ಕೆ ವ್ಯತಿರಿಕ್ತ. ಅಲ್ಲಿ ಒಬ್ಬಳದೇ ಹೇಳಿಕೆ. ಬ್ಲೈ ಎಂಬ ಹಳೆಯ ಬಂಗಲೆಯಲ್ಲಿ ಇಬ್ಬರು ಅನಾಥ ಮಕ್ಕಳ ಮೇಲ್ವಿಚಾರಣೆಗೆ ಬಂದ ತರುಣ ಶಿಕ್ಷಕಿ, ಸತ್ತುಹೋದ ಇಬ್ಬರು ಸೇವಕರ ಪ್ರೇತಗಳನ್ನು ಕಾಣುತ್ತಾಳೆ. ಮಕ್ಕಳೂ ಅವನ್ನು ಕಾಣುತ್ತಿದ್ದಾರೆ, ಕಂಡೂ ಮರೆಮಾಚುತ್ತಿದ್ದಾರೆ ಎಂದು ನಂಬುತ್ತಾಳೆ. ಕೊಳದ ದಂಡೆಯಲ್ಲಿ ಅವಳ ಕಣ್ಣಿಗೆ ಪ್ರೇತ ಎದುರಿಗೇ ನಿಂತಿರುವಾಗ, ಪಕ್ಕದಲ್ಲಿದ್ದ ಮನೆವಾರ್ತೆಯ ಮಿಸೆಸ್ ಗ್ರೋಸಳಿಗೆ ಏನೂ ಕಾಣುವುದಿಲ್ಲ. ಆ ಮುದುಕಿಗೆ ಓದುಬರೆಹ ಬಾರದು; ಅವಳೂ ಏನನ್ನೂ ಬರೆದಿಡಲಾರಳು. ಕೊನೆಯಲ್ಲಿ ಹುಡುಗ ಮೈಲ್ಸ್ ಶಿಕ್ಷಕಿಯ ತೋಳಿನಲ್ಲಿಯೇ ಪ್ರಾಣ ಬಿಡುತ್ತಾನೆ.

ಪ್ರೇತಗಳು ನಿಜವೋ, ಅವಳ ಮನೋವಿಕಾರವೋ? ಎಡ್ಮಂಡ್ ವಿಲ್ಸನ್ ೧೯೩೪ರಲ್ಲಿ ಬರೆದ ಪ್ರಬಂಧದಲ್ಲಿ ಎರಡನೆಯ ಪಕ್ಷವನ್ನು ಬಲವಾಗಿ ಮಂಡಿಸಿದಂದಿನಿಂದ ಆ ವಾದ ನಿಂತಿಲ್ಲ. ನನಗಾದರೋ ಆ ವಾದವೇ ದಾರಿ ತಪ್ಪಿಸುವಂತೆ ಕಾಣುತ್ತದೆ. ದೆವ್ವವಿತ್ತೇ ಇಲ್ಲವೇ ಎಂದು ವಿದ್ವಾಂಸರು ಶತಮಾನದುದ್ದಕ್ಕೂ ಜಗಳವಾಡಿದರು. ಆ ಮಗು ಸತ್ತದ್ದು ಮಾತ್ರ ಎರಡೂ ಪಕ್ಷಗಳಿಗೆ ಒಪ್ಪಿಗೆಯಾದ ಸಂಗತಿ. ಆ ಮಗುವಿನ ಮನಸ್ಸಿನಲ್ಲಿ ಏನಿತ್ತು? ಅವನಿಗೆ ಪ್ರೇತದ ಭಯವಿತ್ತೋ, ತನ್ನನ್ನು ಹಗಲಿರುಳು ಕಾಯುವ ಶಿಕ್ಷಕಿಯ ಭಯವೋ? ಇದನ್ನು ಕೇಳುವುದಕ್ಕೆ ಯಾರೂ ಉಳಿದಿಲ್ಲ. ಮಕ್ಕಳ ರಕ್ಷಣೆಗೆಂದು ನಿಂತವರು ಮಕ್ಕಳ ಮಾತನ್ನು ಕೇಳದೆ ಹೋದರೆ ಏನಾಗುತ್ತದೆ ಎಂಬುದನ್ನು ಜೇಮ್ಸನು ಒಂದು ಬೋಧವಾಕ್ಯವಿಲ್ಲದೆ ಹೇಳಿದ್ದಾನೆ. ಓದಿ ಮುಗಿಸಿದ ಮೇಲೆ ಕತ್ತಲೆಯ ಕೋಣೆಗಿಂತ, ಪ್ರೀತಿಯ ಹೆಸರಿನಲ್ಲಿ ನಡೆಯುವ ವಿಚಾರಣೆಯೇ ಹೆಚ್ಚು ಹೆದರಿಸುತ್ತದೆ.

೫

ನಮ್ಮ ನೆರೆಹೊರೆಯ ಭಾಷೆಗಳಲ್ಲಿ ಬಂಗಾಲಿಯ ವ್ಯೋಮಕೇಶ ಬಕ್ಷಿಯನ್ನು ಇಲ್ಲಿ ನೆನೆಯಬೇಕು. ಶರದಿಂದು ಬಂದ್ಯೋಪಾಧ್ಯಾಯರು ೧೯೩೨ರಲ್ಲಿ ಸೃಷ್ಟಿಸಿದ ಈ ಪಾತ್ರ ತನ್ನನ್ನು ಪತ್ತೇದಾರನೆಂದು ಕರೆಯಿಸಿಕೊಳ್ಳಲು ಇಷ್ಟಪಡುವುದಿಲ್ಲ, ಅವನು ‘ಸತ್ಯಾನ್ವೇಷಿ’. ಹೋಮ್ಸನ ನೆರಳು ಅವನ ಮೇಲೆ ಬಿದ್ದಿರುವುದು ನಿಜ. ಕಥೆ ಹೇಳುವ ಮಿತ್ರ ಅಜಿತನಲ್ಲಿ ವಾಟ್ಸನನ ಚಹರೆಯಿದೆ. ಆದರೆ ಹೆಸರಿನ ಈ ಬದಲಾವಣೆ ಶಬ್ದಮಾತ್ರದ್ದಲ್ಲ. ಪತ್ತೇದಾರನ ಕೆಲಸ ಅಪರಾಧಿಯನ್ನು ಒಪ್ಪಿಸಿದಾಗ ಮುಗಿಯುತ್ತದೆ. ಸತ್ಯಾನ್ವೇಷಿಗೆ ಸತ್ಯ ತಿಳಿದ ಮೇಲೆಯೇ ಕಷ್ಟ ಮೊದಲಾಗುತ್ತದೆ. ಕಲ್ಕತ್ತೆಯ ಮತೀಯ ಗಲಭೆಯೂ ಸ್ವಾತಂತ್ರ್ಯದ ಆಗಮನವೂ ಹಿನ್ನೆಲೆಯಾಗಿರುವ ‘ಆದಿಮ ರಿಪು’ ಎಂಬ ನೀಳ್ಗತೆಯಲ್ಲಿ ಇದು ಸ್ಪಷ್ಟವಾಗಿದೆ. ಬೀದಿಯಲ್ಲಿ ಎಣಿಕೆಯಿಲ್ಲದ ಕೊಲೆಗಳು ನಡೆಯುತ್ತಿರುವಾಗ ಒಂದು ಮನೆಯೊಳಗಿನ ಒಂದು ಕೊಲೆಗೆ ಅರ್ಥವೇನು ಎಂಬ ಪ್ರಶ್ನೆಯಿಂದ ಆ ಕಥೆಗೆ ತೂಕ ಬರುತ್ತದೆ. ಅಪರಾಧಿಯ ಮಾತನ್ನು ಕೇಳಿದ ಮೇಲೆ ನ್ಯಾಯವೇನೆಂಬುದನ್ನು ವ್ಯೋಮಕೇಶ ತಾನೇ ತೂಗಿ ನೋಡುತ್ತಾನೆ. ಕೇಳುವ ಕಿವಿ ಇಲ್ಲಿದೆ.

ಹೊರನಾಡಿನ ಕನ್ನಡಿಗರಿಗೆ ಆಸಕ್ತಿಯ ವಿಷಯವೊಂದಿದೆ. ಶರದಿಂದು ಅವರು ೧೯೩೮ರಲ್ಲಿ ಚಲಚ್ಚಿತ್ರದ ಕಥೆಗಳನ್ನು ಬರೆಯಲು ಮುಂಬಯಿಗೆ ಬಂದವರು; ೧೯೫೨ರಲ್ಲಿ ಆ ಕೆಲಸವನ್ನು ಬಿಟ್ಟು ಪುಣೆಯಲ್ಲಿ ನೆಲಸಿದರು. ನಡುವೆ ಬಹು ವರ್ಷ ನಿಂತಿದ್ದ ವ್ಯೋಮಕೇಶನ ಕಥೆಗಳನ್ನು ಮತ್ತೆ ಕೈಗೆತ್ತಿಕೊಂಡು, ಕಲ್ಕತ್ತೆಯ ಗಲ್ಲಿಗಲ್ಲಿಯನ್ನೂ ಸಹ್ಯಾದ್ರಿಯ ಮಗ್ಗುಲಲ್ಲಿ ಕುಳಿತು ಬರೆದರು. ಬಿಟ್ಟುಬಂದ ಊರು ದೂರದಿಂದ ಮಸುಕಾಗುತ್ತದೆಂದು ಹೇಳುವುದು ವಾಡಿಕೆ. ಈ ಕಥೆಗಳನ್ನು ಓದಿದರೆ, ದೂರವು ಕೆಲವೊಮ್ಮೆ ಕಣ್ಣನ್ನು ಚೂಪುಮಾಡುತ್ತದೆ ಎನ್ನಬೇಕಾಗುತ್ತದೆ.

೬

ಕನ್ನಡಕ್ಕೆ ಬರೋಣ. ಪೂರ್ಣಚಂದ್ರ ತೇಜಸ್ವಿಯವರ ‘ಚಿದಂಬರ ರಹಸ್ಯ’ (೧೯೮೫) ಸಾಹಿತ್ಯ ಅಕಾಡೆಮಿಯ ಪುರಸ್ಕಾರ ಪಡೆದ ಕೃತಿಯಾದ್ದರಿಂದ ಅದನ್ನು ಪತ್ತೇದಾರಿ ಕಾದಂಬರಿಯೆಂದು ಕರೆಯಲು ಹಲವರು ಹಿಂಜರಿಯುತ್ತಾರೆ. ಆದರೆ ಕಥೆಯ ಚೌಕಟ್ಟು ಅಪ್ಪಟ ಪತ್ತೇದಾರಿಯದು. ಮಲೆನಾಡಿನ ಕೆಸರೂರಿನಲ್ಲಿ ಏಲಕ್ಕಿಯ ಸಂಶೋಧನೆಯಲ್ಲಿ ತೊಡಗಿದ್ದ ಜೋಗಿಹಾಳ್ ಎಂಬ ವಿಜ್ಞಾನಿ ಸಂಶಯಾಸ್ಪದವಾಗಿ ಸಾಯುತ್ತಾನೆ. ಏಲಕ್ಕಿಯ ಬೆಳೆ ಕುಸಿಯುತ್ತಿದೆ. ಅಂಗಾಡಿ ಎಂಬ ಗುಪ್ತಚರ ಅಧಿಕಾರಿ ಶೋಧಕ್ಕೆ ಬರುತ್ತಾನೆ.

ಇಲ್ಲಿ ಹೇಳಿಕೆಗಳಿಗೆ ಬರವೇ ಇಲ್ಲ. ಕೆಸರೂರಿನಲ್ಲಿ ಪ್ರತಿಯೊಬ್ಬನೂ ಮಾತಾಡುತ್ತಾನೆ. ಪ್ರತಿಯೊಬ್ಬನಿಗೂ ಒಂದು ಊಹೆಯಿದೆ, ಒಂದು ಹಗೆಯಿದೆ, ಒಂದು ಜಾತಿಯಿದೆ. ಆಂಗ್ಲ ಮಾದರಿಯಲ್ಲಿ ಹೇಳಿಕೆಗಳು ಹೆಚ್ಚಿದಷ್ಟೂ ಸತ್ಯ ಹತ್ತಿರವಾಗುತ್ತದೆ. ತೇಜಸ್ವಿಯವರಲ್ಲಿ ಹೇಳಿಕೆಗಳು ಹೆಚ್ಚಿದಷ್ಟೂ ಅದು ದೂರ ಸರಿಯುತ್ತದೆ. ಇದು ಬರೆವಣಿಗೆಯ ದೋಷವಲ್ಲ, ದರ್ಶನ. ಈ ಗದ್ದಲದಲ್ಲಿ ಹೇಳಿಕೆ ಕೊಡದೆ ಉಳಿದದ್ದು ಒಂದೇ, ಕಾಡು. ಅದು ಬಹುಕಾಲದಿಂದ ಒಣಗುತ್ತ, ಸೊರಗುತ್ತ, ತನ್ನ ಸಾಕ್ಷ್ಯವನ್ನು ಎಲ್ಲರ ಕಣ್ಣೆದುರಿಗೇ ಹರಡಿಟ್ಟಿತ್ತು, ಓದಿದವರಿಲ್ಲ. ಕೊನೆಗೆ ಅದು ಬೆಂಕಿಯ ನಾಲಗೆಯಿಂದ ಮಾತಾಡುತ್ತದೆ. ಒಬ್ಬನ ಸಾವಿಗೆ ಕಾರಣ ಹುಡುಕುತ್ತ ಹೊರಟ ಕಥೆ ಒಂದು ಊರಿನ ವಿನಾಶಕ್ಕೆ ಕಾರಣವನ್ನು ತೋರಿಸಿ ನಿಲ್ಲುತ್ತದೆ. ಪತ್ತೇದಾರಿಯ ಚೌಕಟ್ಟನ್ನು ಇಷ್ಟು ದೂರ ಹಿಗ್ಗಿಸಿದ ಕೃತಿಯನ್ನು, ಆ ಹೆಸರಿನಿಂದ ಕರೆಯಲು ನಾಚಿ, ನಾವು ಅದರ ಅರ್ಧ ಸಾಧನೆಯನ್ನು ಮುಚ್ಚಿಟ್ಟಿದ್ದೇವೆ.

ಈ ಬಗೆಯ ಕಥೆ ಪಶ್ಚಿಮದಿಂದ ಬಂದ ಸರಕು ಎನ್ನುವವರಿಗೆ ‘ವಡ್ಡಾರಾಧನೆ’ಯ ವಿದ್ಯುಚ್ಚೋರನ ಕಥೆಯನ್ನು ನೆನಪಿಸಬೇಕು. ಡಿ. ಎಲ್. ನರಸಿಂಹಾಚಾರ್ಯರ ಸಂಪಾದನೆಯಿಂದ ನಮಗೆ ಸುಲಭವಾಗಿ ದೊರೆತಿರುವ ಆ ಹಳಗನ್ನಡ ಗದ್ಯದಲ್ಲಿ ಕಳ್ಳನೂ ಇದ್ದಾನೆ, ತಳಾರನೂ ಇದ್ದಾನೆ. ಇಬ್ಬರೂ ಬಾಲ್ಯದ ಒಡನಾಡಿಗಳು. ಒಬ್ಬನು ಕಳ್ಳವಿದ್ಯೆಯನ್ನೂ ಇನ್ನೊಬ್ಬನು ಕಳ್ಳರನ್ನು ಹಿಡಿಯುವ ವಿದ್ಯೆಯನ್ನೂ ಕಲಿತವರು. ನೀನು ಕಾಯುವ ಊರಿನಲ್ಲಿಯೇ ಕದಿಯುತ್ತೇನೆಂದು ಆಡಿದ ಮಾತಿನಂತೆ ವಿದ್ಯುಚ್ಚೋರನು ಹಗಲು ಕುಷ್ಠರೋಗಿಯ ವೇಷದಲ್ಲಿದ್ದು ರಾತ್ರಿ ಕದಿಯುತ್ತಾನೆ, ಅರಸನ ಹಾರವನ್ನೇ ಅಪಹರಿಸುತ್ತಾನೆ. ಗಡುವಿಗೆ ಸಿಕ್ಕಿದ ತಳಾರ ಯಮದಂಡನು ಕೊನೆಗೆ ಆ ರೋಗಿಯನ್ನು ಎಳೆದು ತರುತ್ತಾನೆ. ಎಷ್ಟು ಹಿಂಸೆಗೊಳಪಡಿಸಿದರೂ ಅವನು ತಾನು ಕಳ್ಳನೆಂದು ಒಪ್ಪುವುದಿಲ್ಲ. ಅರಸನು ಅಭಯವಿತ್ತ ಮೇಲೆ ತಾನಾಗಿಯೇ ನಿಜವನ್ನು ನುಡಿಯುತ್ತಾನೆ. ಮುಂದೆ ಅವನು ಋಷಿಯಾಗುತ್ತಾನೆ. ಕಥೆ ಹೇಳಿದವನಿಗೆ ಮುಖ್ಯವಾದದ್ದು ಅದೇ.

ನನಗೆ ಮುಖ್ಯವಾಗಿ ತೋರಿದ್ದು ಆ ಅಭಯದ ಮಾತು. ಹೆದರಿಸಿದರೆ ಹೊರಬಾರದ ಸತ್ಯ, ಹೆದರಬೇಡವೆಂದಾಗ ಹೊರಬಂದಿತು. ಸಾವಿರ ವರ್ಷಗಳಷ್ಟು ಹಿಂದೆ ಒಬ್ಬ ಕನ್ನಡ ಕಥೆಗಾರನು ಕಂಡುಕೊಂಡಿದ್ದ ಈ ವಿವೇಕ ‘ಸೈನ್ ಆಫ್ ಫೋರ್’ನ ಲೇಖಕನಿಗೆ ದಕ್ಕಲಿಲ್ಲ. ರೊಸಾನಾಳಿಗೆ ಅಭಯ ಸಿಕ್ಕಿದ್ದರೆ ಅವಳು ಮರಳಿನಲ್ಲಿ ಮುಳುಗುತ್ತಿರಲಿಲ್ಲ. ಮೈಲ್ಸನಿಗೆ ಸಿಕ್ಕಿದ್ದರೆ ಬಹುಶಃ ಬದುಕುತ್ತಿದ್ದನು.

ಇಷ್ಟನ್ನೂ ಸಾಹಿತ್ಯದ ಮಾತೆಂದು ಮಾತ್ರ ನಾನು ಹೇಳುತ್ತಿಲ್ಲ. ನಾವು ಊರು ಬಿಟ್ಟು ಬಂದವರು. ಮಹಾನಗರದ ಒಂದು ಕಟ್ಟಡದಲ್ಲಿ ಏನಾದರೂ ಕಳವಾದರೆ ಮೊದಲು ಯಾರ ಮೇಲೆ ಕಣ್ಣು ಬೀಳುತ್ತದೆ ಎಂಬುದು ನಮಗೆ ಹೊಸತಲ್ಲ. ನಿನ್ನೆ ಮೊನ್ನೆ ಬಂದ ಕೆಲಸದವಳು, ಬೇರೆ ಸೀಮೆಯ ಕಾವಲುಗಾರ, ಮಾತು ಸರಿಯಾಗಿ ತಿಳಿಯದ ಹುಡುಗ. ನಮ್ಮ ಹಿರಿಯರಲ್ಲಿ ಎಷ್ಟೋ ಮಂದಿ ಹೋಟೆಲಿನ ಮಾಣಿಗಳಾಗಿ ಬಂದು ಅಂಥ ಕಣ್ಣುಗಳನ್ನು ಎದುರಿಸಿದವರೇ. ಇಂದು ನಮ್ಮಲ್ಲಿ ಅನೇಕರು ಆ ಕಟ್ಟಡಗಳಲ್ಲಿ ಮನೆಯೊಡೆಯರಾಗಿ, ಕಣ್ಣಿಟ್ಟು ನೋಡುವವರ ಸಾಲಿಗೆ ಸೇರಿದ್ದೇವೆ. ಇಂಗ್ಲೆಂಡಿನ ಹಳ್ಳಿಯಲ್ಲಿ ಒಂದು ವಾರ ಸೆರೆಯಿದ್ದ ಆ ಮೂವರು ಪರದೇಶಿಗಳ ಕಥೆಯನ್ನು ನಾವು ಎರಡೂ ಕಡೆಯಿಂದ ಓದಬಲ್ಲೆವು.

ಆದುದರಿಂದ ರಹಸ್ಯ ಕಥೆಗಳನ್ನು ಓದುವವರನ್ನು ಕಂಡು ನಗುವ ವಿದ್ವಾಂಸರಲ್ಲಿ ನನ್ನದೊಂದು ವಿನಂತಿ. ಈ ಕೃತಿಗಳನ್ನು ಸಂಘಗಳ ಗ್ರಂಥಾಲಯಗಳ ಮೂಲೆಯ ಕಪಾಟಿನಿಂದ ಹೊರತೆಗೆದು, ಉಳಿದ ಕಾದಂಬರಿಗಳ ಪಕ್ಕದಲ್ಲಿಟ್ಟು, ಅಷ್ಟೇ ಕಠಿಣವಾಗಿ ವಿಮರ್ಶಿಸಬೇಕು. ನರಸಿಂಹಯ್ಯನವರ ನೂರಾರು ಕಾದಂಬರಿಗಳಿಗೂ ಇದೇ ಪ್ರಶ್ನೆಯನ್ನು ಯಾರಾದರೂ ತರುಣ ಸಂಶೋಧಕರು ಒಡ್ಡಬೇಕು: ಪುರುಷೋತ್ತಮನು ಯಾರನ್ನು ಮೊದಲು ಸಂಶಯಿಸುತ್ತಾನೆ, ಯಾರ ಮಾತನ್ನು ಕೊನೆಯವರೆಗೆ ಕೇಳುತ್ತಾನೆ? ಅವುಗಳಲ್ಲಿ ಒಂದು ಕಾಲದ ಕರ್ನಾಟಕದ ಭಯಗಳ ಪಟ್ಟಿ ಸಿಕ್ಕೀತು. ಆ ಪಟ್ಟಿ ನಮ್ಮ ಸಾಮಾಜಿಕ ಚರಿತ್ರೆಗೆ ಬೇಕಾದ ಸಾಮಗ್ರಿ.